ಪುಟ್ಟ ವಿಮಾನ, ದೊಡ್ಡ ಅಲೆ

ಇಂಗ್ಲೆಂಡಿನ ಮೆಡ್ವೇ ನದಿ ಸಮುದ್ರ ಸೇರುವ ಕಡೆ ಐಲ್ ಆಫ್ ಗ್ರೇನ್ ಎಂಬ ಜೌಗು ನೆಲವಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ನೌಕಾಪಡೆಯ ವಾಯುದಳ ಅಲ್ಲಿ ಹೊಸ ವಿಮಾನಗಳನ್ನು ಕಟ್ಟಿ ಪರೀಕ್ಷಿಸುವ ಕೇಂದ್ರವೊಂದನ್ನು ನಡೆಸುತ್ತಿತ್ತು. ಅಲ್ಲೇ ಹುಟ್ಟಿದ ವಿಮಾನಗಳಿಗೆ ಪೋರ್ಟ್ ವಿಕ್ಟೋರಿಯಾ ಎಂಬ ಹೆಸರು. ಅವುಗಳಲ್ಲಿ ಎರಡನೆಯದಾದ ಪಿ.ವಿ.2 ಎಂಬ ಒಂಟಿ ಆಸನದ ಸೀಪ್ಲೇನ್ 1916ರ ಜೂನ್ 16ರಂದು ಮೊದಲ ಸಲ ಹಾರಿತು. ಜರ್ಮನಿಯ ಜೆಪ್ಲಿನ್ ವಾಯುನೌಕೆಗಳನ್ನು ಹೊಡೆದುರುಳಿಸುವುದಕ್ಕೆಂದೇ ಅದನ್ನು ರೂಪಿಸಿದ್ದರು. ಎರಡಂತಸ್ತಿನ ರೆಕ್ಕೆಗಳಲ್ಲಿ ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು. ಮೇಲಿನ ರೆಕ್ಕೆಯನ್ನು ಒಡಲಿನ ನೆತ್ತಿಗೇ ಕೂರಿಸಿದ್ದರಿಂದ ಪೈಲಟ್‌ಗೆ ಮೇಲಿನ ಆಕಾಶ ಅಡ್ಡಿಯಿಲ್ಲದೆ ಕಾಣುತ್ತಿತ್ತು. ಡೇವಿಸ್ ಎಂಬ ಫಿರಂಗಿಯನ್ನು ಅದಕ್ಕೆ ಅಳವಡಿಸುವ ಯೋಜನೆಯಿತ್ತು. ಗುಂಡು ಮುಂದಕ್ಕೆ ಹಾರುವಾಗಲೇ ಅಷ್ಟೇ ತೂಕದ ಸೀಸದ ಚೂರು ಮತ್ತು ಗ್ರೀಸನ್ನು ಹಿಂದಕ್ಕೆ ಚಿಮ್ಮಿಸಿ, ಹಗುರ ವಿಮಾನ ತಾಳಲಾರದ ಹಿಂದೊದೆತವನ್ನು ಇಲ್ಲವಾಗಿಸುವ ಫಿರಂಗಿ ಅದು. ಮುಂದೆ ಆ ಫಿರಂಗಿಯ ಆಲೋಚನೆ ಬಿದ್ದುಹೋಯಿತು. ಮೇಲಿನ ರೆಕ್ಕೆಯನ್ನು ಒಂದಡಿ ಎತ್ತರಿಸಿ, ಎರಡು ಲೂಯಿಸ್ ಮಷಿನ್‌ಗನ್‌ಗಳಿಗೆ ಜಾಗ ಮಾಡಿ, 1917ರ ಆರಂಭದಲ್ಲಿ ಅದೇ ವಿಮಾನವನ್ನು ಮತ್ತೆ ಹಾರಿಸಿದರು. ಹಾರಾಟ ಚೆನ್ನಾಗಿಯೇ ಇತ್ತು. ಆದರೂ ಎರಡನೆಯ ಪಿ.ವಿ.2 ತಯಾರಾಗಲಿಲ್ಲ.

ಇಂಥ ವಿಮಾನಗಳ ಬಗ್ಗೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ ವಾಕ್ಯದ್ದು. ಚಕ್ರದ ಬದಲು ದೋಣಿಯಾಕಾರದ ಫ್ಲೋಟ್‌ಗಳನ್ನು ಕಟ್ಟಿಕೊಂಡ ವಿಮಾನ ಭಾರವಾಗುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಹಾಗಾಗಿ ನೆಲದಿಂದ ಏರುವ ವಿಮಾನದೆದುರು ಅದು ನಿಲ್ಲಲಾರದು ಎನ್ನುತ್ತಾರೆ. ಇದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಈ ಅರ್ಧ ಉತ್ತರಕ್ಕೆ ತೃಪ್ತರಾದರೆ ಆ ಕಾಲದ ಎಂಜಿನಿಯರುಗಳು ಕಣ್ಣೆದುರಿನ ಸತ್ಯ ಕಾಣದ ದಡ್ಡರಂತೆ ಕಾಣುತ್ತಾರೆ. ಅವರು ದಡ್ಡರಾಗಿರಲಿಲ್ಲ. ಫ್ಲೋಟ್‌ನ ಭಾರ ಎಷ್ಟು, ಅದರಿಂದ ಕಳೆದುಕೊಳ್ಳುವ ವೇಗ ಎಷ್ಟು ಎಂಬ ಲೆಕ್ಕ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಸೀಪ್ಲೇನ್ ಫೈಟರನ್ನು ನಿಜವಾಗಿ ಸೋಲಿಸಿದ್ದು ಅದು ಹಾರಿದ ಮೇಲಿನ ಕೊರತೆಗಿಂತ ಹಾರುವ ಮುಂಚಿನ ಕೆಲವು ನಿಮಿಷಗಳು ಎಂಬುದು ನನ್ನ ವಾದ. ಫೈಟರ್ ಎಂದ ಮೇಲೆ ಅದು ಪುಟ್ಟದಾಗಿರಬೇಕು, ಹಗುರವಾಗಿರಬೇಕು. ತೆರೆದ ಕಡಲಿನಿಂದ ಏಳುವ ವಿಮಾನವೋ ದೊಡ್ಡದಾಗಿರಬೇಕು, ಗಟ್ಟಿಯಾಗಿರಬೇಕು. ಈ ಎರಡು ಬೇಡಿಕೆಗಳು ಒಂದೇ ಯಂತ್ರದಲ್ಲಿ ಕೂಡಿ ಬಾಳಲಾರವು.

ನೌಕಾಪಡೆಗೆ ಇಂಥ ವಿಮಾನ ಬೇಕಾದದ್ದೇಕೆ ಎಂಬುದನ್ನು ಮೊದಲು ನೋಡೋಣ. 1915ರ ಜನವರಿ 19ರ ರಾತ್ರಿ ಜೆಪ್ಲಿನ್‌ಗಳು ಗ್ರೇಟ್ ಯಾರ್ಮತ್ ಮತ್ತು ಕಿಂಗ್ಸ್ ಲಿನ್ ಊರುಗಳ ಮೇಲೆ ಬಾಂಬು ಹಾಕಿದಾಗ, ಸಮುದ್ರವೇ ತಮ್ಮ ಕೋಟೆ ಎಂದುಕೊಂಡಿದ್ದ ಬ್ರಿಟನ್ನಿನ ಜನರಿಗೆ ಆ ಕೋಟೆಗೆ ಚಾವಣಿಯಿಲ್ಲ ಎಂಬುದು ಗೊತ್ತಾಯಿತು. ನೌಕಾಪಡೆಯ ಚಿಂತೆ ಇನ್ನೂ ಒಂದಿತ್ತು. ಉತ್ತರ ಸಮುದ್ರದ ಮೇಲೆ ಗಂಟೆಗಟ್ಟಲೆ ತೇಲುತ್ತ ನಿಲ್ಲಬಲ್ಲ ಜೆಪ್ಲಿನ್, ಬ್ರಿಟಿಷ್ ಹಡಗುಗಳು ಎಲ್ಲಿವೆ, ಯಾವ ದಿಕ್ಕಿಗೆ ಹೊರಟಿವೆ ಎಂಬುದನ್ನು ಬಹು ದೂರದಿಂದಲೇ ಕಂಡು ನಿಸ್ತಂತು ಮೂಲಕ ತಿಳಿಸುತ್ತಿತ್ತು. ಆ ಕಣ್ಣನ್ನು ಕುರುಡಾಗಿಸಬೇಕಾದರೆ ಫೈಟರ್ ವಿಮಾನ ಹಡಗುಗಳ ಜೊತೆಯಲ್ಲೇ ಕಡಲಿಗೆ ಹೋಗಬೇಕು. ಕಡಲಿನಲ್ಲಿ ಓಡುದಾರಿ ಎಲ್ಲಿಂದ ಬರಬೇಕು? ಕಡಲನ್ನೇ ಓಡುದಾರಿ ಮಾಡಿಕೊಂಡರಾಯಿತು ಎಂಬುದು ಅಂದಿನವರಿಗೆ ಅತ್ಯಂತ ಸಹಜವಾಗಿ ಹೊಳೆದ ಉತ್ತರ. ಅದನ್ನು ನಂಬಲು ಪುರಾವೆಯೂ ಇತ್ತು. 1910ರ ಮಾರ್ಚ್ 28ರಂದು ಫ್ರಾನ್ಸಿನ ಹೆನ್ರಿ ಫಾಬ್ರ್ ಮಾರ್ಸೇಲ್ಸ್ ಸಮೀಪದ ಹಿನ್ನೀರಿನಿಂದ ಹಾರಿ ನೀರಿನಿಂದ ಏಳುವುದು ಸಾಧ್ಯವೆಂದು ತೋರಿಸಿದ್ದರು. ನಾಲ್ಕೇ ವರ್ಷಗಳಲ್ಲಿ, 1914ರ ಏಪ್ರಿಲ್‌ನಲ್ಲಿ, ಮೊನಾಕೊದಲ್ಲಿ ನಡೆದ ಶ್ನೈಡರ್ ಟ್ರೋಫಿ ಸ್ಪರ್ಧೆಯನ್ನು ಹೊವರ್ಡ್ ಪಿಕ್ಸ್‌ಟನ್ ಸಾಪ್‌ವಿತ್ ಕಂಪನಿಯ ಪುಟ್ಟ ಜೋಡಿರೆಕ್ಕೆಯ ಸೀಪ್ಲೇನ್‌ನಲ್ಲಿ ಗೆದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 140 ಕಿ.ಮೀ. ಯುದ್ಧ ಶುರುವಾದಾಗ ನೌಕಾಪಡೆ ಅದೇ ಮಾದರಿಯನ್ನು ‘ಶ್ನೈಡರ್’ ಎಂಬ ಹೆಸರಿನಲ್ಲಿ ಕೊಂಡಿತು. ಅದನ್ನು ತಿದ್ದಿ, ಇನ್ನಷ್ಟು ಬಲದ ಎಂಜಿನ್ ಕೂರಿಸಿ, ‘ಬೇಬಿ’ಯನ್ನು ಮಾಡಿಸಿತು. ಪಿ.ವಿ.2 ಹಾರುವ ಹೊತ್ತಿಗೆ ಕಡಲಿನಲ್ಲಿ ನಿಜವಾಗಿ ದುಡಿಯುತ್ತಿದ್ದುದು ಈ ಬೇಬಿ.

ನೀರಿನಿಂದ ವಿಮಾನ ಏಳುವಾಗ ನಡೆಯುವುದನ್ನು ತುಸು ವಿವರವಾಗಿ ತಿಳಿಯಬೇಕು, ಏಕೆಂದರೆ ವಾದವೆಲ್ಲ ಅಲ್ಲೇ ನಿಂತಿದೆ. ನೆಲದ ಮೇಲೆ ಚಕ್ರ ಉರುಳುವಾಗ ತಡೆ ಅಲ್ಪ. ಎಂಜಿನ್ನಿನ ಶಕ್ತಿ ಬಹುಪಾಲು ವೇಗ ಕೂಡಿಸುವುದಕ್ಕೇ ಸಲ್ಲುತ್ತದೆ. ಫ್ಲೋಟ್ ಮೊದಲಿಗೆ ದೋಣಿಯಂತೆ ನೀರನ್ನು ಸೀಳಿಕೊಂಡು, ಮುಂದೆ ಅಲೆ ಎಬ್ಬಿಸಿಕೊಂಡು ಸಾಗುತ್ತದೆ. ವೇಗ ಹೆಚ್ಚಿದಂತೆ ನೀರಿನ ತಡೆಯೂ ಏರುತ್ತ ಏರುತ್ತ ಒಂದು ಶಿಖರ ಮುಟ್ಟುತ್ತದೆ. ಆ ಶಿಖರ ದಾಟಿದರೆ ಮಾತ್ರ ಫ್ಲೋಟ್ ನೀರಿನ ಮೈಮೇಲೆ ಜಾರತೊಡಗಿ, ತಡೆ ಇಳಿದು, ರೆಕ್ಕೆಗಳು ಭಾರ ಹೊರುತ್ತವೆ. ನೀರು ತೀರ ನಿಶ್ಚಲವಾಗಿದ್ದರೂ ಕಷ್ಟವೇ. ಫ್ಲೋಟ್‌ನ ತಳ ನೀರಿಗೆ ಅಂಟಿಕೊಂಡಂತಾಗಿ ಬಿಡುವುದಿಲ್ಲ. ಅದಕ್ಕಾಗಿಯೇ ತಳದಲ್ಲಿ ಒಂದು ಮೆಟ್ಟಿಲು ಕೊರೆದು ಗಾಳಿ ಒಳನುಗ್ಗುವಂತೆ ಮಾಡುತ್ತಿದ್ದರು. ಇನ್ನು ಅಲೆಗಳಿದ್ದರೆ, ಪ್ರತಿ ಅಲೆಯೂ ಕೂಡಿಟ್ಟ ವೇಗವನ್ನು ಕಸಿಯುತ್ತದೆ. ಚಿಮ್ಮಿದ ನೀರು ಮರದ ಪ್ರೊಪೆಲ್ಲರ್‌ಗೆ ಬಡಿದು ಅದನ್ನು ಸೀಳುತ್ತದೆ. ಉಪ್ಪುನೀರು ಎಂಜಿನ್ನಿನ ಕಿಡಿ ಕೆಡಿಸುತ್ತದೆ. ನೂರು, ನೂರಿಪ್ಪತ್ತು ಅಶ್ವಶಕ್ತಿಯ ಎಂಜಿನ್ನಿನಲ್ಲಿ ಇದಕ್ಕೆಲ್ಲ ಮಿಗುವ ಶಕ್ತಿ ಎಲ್ಲಿರುತ್ತದೆ? ಮುಖ್ಯ ಮಾತು ಇದು: ವಿಮಾನವನ್ನು ಚಿಕ್ಕದು ಮಾಡಿದರೆ ಫ್ಲೋಟ್ ಚಿಕ್ಕದಾಗುತ್ತದೆ, ಅಲೆ ಚಿಕ್ಕದಾಗುವುದಿಲ್ಲ. ಬೇಬಿಯ ಉದ್ದ ಸುಮಾರು 7 ಮೀಟರ್. ಮೀನುಗಾರಿಕೆಯ ದೋಣಿಯೊಂದು ಲೆಕ್ಕಕ್ಕೇ ತೆಗೆದುಕೊಳ್ಳದ ಮೂರಡಿಯ ಅಲೆ ಅದರ ಪಾಲಿಗೆ ಗೋಡೆ.

ಇದು ಬರಿಯ ಸಿದ್ಧಾಂತವಾಗಿ ಉಳಿಯಲಿಲ್ಲ. ಪಿ.ವಿ.2 ಹಾರುವುದಕ್ಕೆ ಆರು ವಾರ ಮೊದಲು, 1916ರ ಮೇ 4ರಂದು, ಎಂಗಡೀನ್ ಮತ್ತು ವಿಂಡೆಕ್ಸ್ ಎಂಬ ಹಡಗುಗಳು ಹನ್ನೊಂದು ಬೇಬಿಗಳನ್ನು ಹೊತ್ತು ಡೆನ್ಮಾರ್ಕ್ ಗಡಿಯ ಹತ್ತಿರದ ಟೊಂಡರ್ನ್ ಜೆಪ್ಲಿನ್ ನೆಲೆಯತ್ತ ಹೋದವು. ವಿಮಾನಗಳನ್ನು ಕ್ರೇನಿನಿಂದ ನೀರಿಗಿಳಿಸಿದರು. ಹನ್ನೊಂದರಲ್ಲಿ ಎಂಟು ನೀರು ಬಿಟ್ಟು ಏಳಲೇ ಇಲ್ಲ. ಕೆಲವುಗಳ ಪ್ರೊಪೆಲ್ಲರ್ ಮುರಿಯಿತು, ಕೆಲವುಗಳ ಎಂಜಿನ್ ಕೈಕೊಟ್ಟಿತು. ಎದ್ದ ಮೂರರಲ್ಲಿ ಒಂದು ತಮ್ಮದೇ ಯುದ್ಧನೌಕೆಗೆ ತಗುಲಿ ಬಿತ್ತು, ಇನ್ನೊಂದು ಎಂಜಿನ್ ತೊಂದರೆಯಿಂದ ಹಿಂದಿರುಗಿತು. ಟೊಂಡರ್ನ್ ತಲುಪಿದ್ದು ಒಂದೇ ಒಂದು, ಅದರ ಬಾಂಬುಗಳೂ ಗುರಿ ತಪ್ಪಿದವು. ಶತ್ರುವಿನ ಗುಂಡಿನಿಂದ ಆದ ಸೋಲಲ್ಲ ಇದು. ತಿಂಗಳ ಕೊನೆಗೆ ಜಟ್ಲಂಡ್ ಕದನ ಬಂತು. ಎಂಗಡೀನ್ ಹಡಗಿನಲ್ಲಿ ನಾಲ್ಕು ಸೀಪ್ಲೇನ್‌ಗಳಿದ್ದವು: ಎರಡು ದೊಡ್ಡ ಶಾರ್ಟ್ ವಿಮಾನಗಳು, ಎರಡು ಬೇಬಿಗಳು. ಅಂದು ಹಾರಿದ್ದು ರಟ್ಲಂಡ್ ಎಂಬ ಪೈಲಟ್‌ನ ಶಾರ್ಟ್ ವಿಮಾನವೊಂದೇ. ಜರ್ಮನ್ ಹಡಗುಗಳನ್ನು ಕಂಡು ಸುದ್ದಿ ಕಳಿಸಿ, ಪೆಟ್ರೋಲ್ ಕೊಳವೆ ಮುರಿದು ಅವರು ಇಳಿಯಬೇಕಾಯಿತು. ಆಮೇಲೆ ಸಮುದ್ರ ಮತ್ತೆ ಹಾರಲು ಬಿಡಲಿಲ್ಲ. ಇತಿಹಾಸದ ಅತಿ ದೊಡ್ಡ ನೌಕಾ ಕದನಗಳಲ್ಲೊಂದು ನಡೆಯುತ್ತಿದ್ದಾಗ, ಕಣ್ಣಾಗಬೇಕಿದ್ದ ವಿಮಾನಗಳು ಹಡಗಿನ ಅಟ್ಟದ ಮೇಲೆ ಸುಮ್ಮನೆ ಕೂತಿದ್ದವು.

ಇನ್ನೊಂದು ತೊಂದರೆ ಹಡಗಿನದು. ಸೀಪ್ಲೇನನ್ನು ನೀರಿಗಿಳಿಸಲೂ ಹಡಗು ನಿಲ್ಲಬೇಕು, ಎತ್ತಿಕೊಳ್ಳಲೂ ನಿಲ್ಲಬೇಕು. ನಿಂತ ಹಡಗಿಗೆ ಏನಾಗುತ್ತದೆ ಎಂಬುದನ್ನು 1914ರ ಸೆಪ್ಟೆಂಬರ್ 22 ಕಲಿಸಿತ್ತು. ಅಂದು ಯು-9 ಎಂಬ ಒಂದೇ ಜರ್ಮನ್ ಜಲಾಂತರ್ಗಾಮಿ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಮುಳುಗಿಸಿತು. ಮುಳುಗುತ್ತಿದ್ದ ಮೊದಲ ಹಡಗಿನವರನ್ನು ಉಳಿಸಲು ಉಳಿದೆರಡು ನಿಂತದ್ದೇ ಅವುಗಳಿಗೆ ಮುಳುವಾಯಿತು. ಸತ್ತವರು 1,400ಕ್ಕೂ ಹೆಚ್ಚು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಸೀಪ್ಲೇನ್ ಹೊರುವ ಹಡಗಾಗಿ ಮಾರ್ಪಟ್ಟಿದ್ದ ಹರ್ಮಿಸ್ ಡೋವರ್ ಜಲಸಂಧಿಯಲ್ಲಿ ಟಾರ್ಪೆಡೊಗೆ ಬಲಿಯಾಯಿತು. ಇಪ್ಪತ್ತು ನಾಟ್‌ಗೂ ಮಿಕ್ಕ ವೇಗದಲ್ಲಿ ಓಡುವ ನೌಕಾಬಲದ ಜೊತೆ ಹೋಗಿ, ಶತ್ರು ಕಂಡ ಕೂಡಲೇ ಎಲ್ಲರನ್ನೂ ಮುಂದೆ ಬಿಟ್ಟು ನಿಂತು, ಕ್ರೇನ್ ತಿರುಗಿಸುತ್ತ ಕೂರುವುದು ಯಾವ ಕಪ್ತಾನನಿಗೆ ಒಗ್ಗೀತು?

ಎಂಜಿನಿಯರುಗಳು ಕೈಕಟ್ಟಿ ಕೂರಲಿಲ್ಲ. ಅವರ ಪ್ರಯತ್ನಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಬೇಬಿಗೆ ಹೆಚ್ಚು ಎತ್ತುವ ಶಕ್ತಿಯ ರೆಕ್ಕೆ ಜೋಡಿಸಿದ್ದು ಗ್ರೇನ್‌ನವರ ಪಿ.ವಿ.1. ಫೇರಿ ಕಂಪನಿ ಹ್ಯಾಂಬಲ್ ಬೇಬಿಯಲ್ಲಿ ರೆಕ್ಕೆಯ ಹಿಂದಂಚನ್ನೇ ಕೀಲಿನ ಮೇಲೆ ಕೂರಿಸಿ, ಏಳುವಾಗಲೂ ಇಳಿಯುವಾಗಲೂ ಅದನ್ನು ಕೆಳಕ್ಕೆ ಬಾಗಿಸುವ ಏರ್ಪಾಡು ಮಾಡಿತು. ಇಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ಯಾವ ಪ್ರಯಾಣಿಕ ವಿಮಾನದ ಕಿಟಕಿಯಿಂದ ನೋಡಿದರೂ ರೆಕ್ಕೆಯ ಹಿಂದಂಚು ಹಾಗೆ ಬಾಗುವುದು ಕಾಣುತ್ತದೆ. ಸಾಲಾಗಿ ತಯಾರಾದ ವಿಮಾನಗಳಲ್ಲಿ ಅದನ್ನು ಮೊದಲು ಬಳಸಿದ್ದು ಈ ಪುಟ್ಟ ಸೀಪ್ಲೇನ್, ಅದೂ ಅಲೆಯ ಹಿಡಿತದಿಂದ ಬೇಗ ಬಿಡಿಸಿಕೊಳ್ಳಲು. ಎಲ್ಲಕ್ಕಿಂತ ಅರ್ಥಪೂರ್ಣವಾದ ಪ್ರಯೋಗ ನಡೆದದ್ದು 1915ರ ಆಗಸ್ಟ್ 6ರಂದು, ಕ್ಯಾಂಪೇನಿಯಾ ಹಡಗಿನ ಮೇಲೆ. ಹಳೆಯ ಪ್ರಯಾಣಿಕ ಹಡಗಾದ ಅದರ ಮುಂಭಾಗದಲ್ಲಿ ಸುಮಾರು 120 ಅಡಿ ಉದ್ದದ ಅಟ್ಟಣೆ ಕಟ್ಟಿದ್ದರು. ಶ್ನೈಡರ್ ಸೀಪ್ಲೇನನ್ನು ಚಕ್ರದ ಗಾಡಿಯ ಮೇಲೆ ಕೂರಿಸಿ, ಹಡಗು ಗಾಳಿಗೆದುರಾಗಿ ಓಡುತ್ತಿರುವಾಗಲೇ ಅದನ್ನು ಹಾರಿಸಿದರು. ಪ್ರಯೋಗ ಗೆದ್ದಿತು. ಆದರೆ ಆ ಗೆಲುವಿನಲ್ಲೇ ಒಂದು ಪ್ರಶ್ನೆ ಅಡಗಿತ್ತು. ಏಳುವುದು ಚಕ್ರದ ಮೇಲಿಂದಲೇ ಆದರೆ, ಆ ಭಾರದ ಫ್ಲೋಟ್‌ಗಳನ್ನು ಆಕಾಶಕ್ಕೆ ಹೊತ್ತೊಯ್ಯುವುದು ಯಾಕೆ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದಕ್ಕೆ ಬಲವೂ ಇದೆ. ಬೇಬಿಯನ್ನು ಅದೇ ಸಾಪ್‌ವಿತ್ ಕಂಪನಿಯ ಚಕ್ರದ ವಿಮಾನ ಪಪ್ ಜೊತೆ ಹೋಲಿಸಿ ನೋಡಿ ಎನ್ನುತ್ತಾರೆ. ಬೇಬಿಯ ಎಂಜಿನ್ 110ರಿಂದ 130 ಅಶ್ವಶಕ್ತಿ, ತೂಕ ಸುಮಾರು 780 ಕೆ.ಜಿ., ಹತ್ತು ಸಾವಿರ ಅಡಿ ಏರಲು ಅರ್ಧ ಗಂಟೆಗೂ ಹೆಚ್ಚು. ಪಪ್‌ನ ಎಂಜಿನ್ 80 ಅಶ್ವಶಕ್ತಿ, ತೂಕ ಸುಮಾರು 560 ಕೆ.ಜಿ., ಅದೇ ಎತ್ತರಕ್ಕೆ ಕಾಲು ಗಂಟೆ ಸಾಕು. ಜೆಪ್ಲಿನ್ ತನ್ನ ಭಾರ ಇಳಿಸಿಕೊಂಡು ಸರ್ರನೆ ಮೇಲೇರುವಾಗ ಇದು ಗೆಲುವು ಸೋಲಿನ ಅಂತರ. ಹಾಗಾದರೆ ಫ್ಲೋಟ್‌ನ ಭಾರವೇ ಕಾರಣವಾಯಿತಲ್ಲ? ಅಷ್ಟೇ ಆಗಿದ್ದರೆ ಎಂಜಿನ್‌ಗಳು ಬಲಿತಂತೆ ಈ ರೋಗ ವಾಸಿಯಾಗಬೇಕಿತ್ತು. ಒಂದು ರೀತಿಯಲ್ಲಿ ವಾಸಿಯಾಯಿತು ಕೂಡ. 1927ರಿಂದ 1939ರವರೆಗೆ ಜಗತ್ತಿನ ಅತಿ ವೇಗದ ವಿಮಾನವೆಂಬ ದಾಖಲೆ ಸೀಪ್ಲೇನ್‌ಗಳ ಕೈಯಲ್ಲೇ ಇತ್ತು. 1931ರಲ್ಲಿ ಸೂಪರ್‌ಮರೀನ್ ಎಸ್.6ಬಿ ಗಂಟೆಗೆ 655 ಕಿ.ಮೀ. ದಾಟಿತು, 1934ರಲ್ಲಿ ಇಟಲಿಯ ಮಕ್ಕಿ ಎಂ.ಸಿ.72 ಗಂಟೆಗೆ 709 ಕಿ.ಮೀ. ಮುಟ್ಟಿತು. ಫ್ಲೋಟ್ ಕಟ್ಟಿಕೊಂಡೂ ಚಕ್ರದ ವಿಮಾನಗಳನ್ನು ಹಿಂದೆ ಹಾಕಬಹುದು ಎಂಬುದು ಹೀಗೆ ಸಾಬೀತಾಯಿತು. ಆದರೂ ಬಹುತೇಕ ನೌಕಾಪಡೆಗಳು ಸೀಪ್ಲೇನ್ ಫೈಟರ್‌ಗೆ ಮರಳಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಟಲಿಯ ದಾಖಲೆ ಆದದ್ದು ಗಾರ್ಡಾ ಸರೋವರದಲ್ಲಿ. 1931ರ ಶ್ನೈಡರ್ ಸ್ಪರ್ಧೆ ಸೆಪ್ಟೆಂಬರ್ 12ಕ್ಕೆ ನಿಗದಿಯಾಗಿತ್ತು; ಹವೆ ಕೆಟ್ಟದ್ದರಿಂದ ಮರುದಿನಕ್ಕೆ ಹೋಯಿತು. ಸ್ಪರ್ಧೆ ಒಂದು ದಿನ ಕಾಯಬಹುದು, ಮೇಲೆ ಜೆಪ್ಲಿನ್ ನಿಂತಿರುವಾಗ ನೌಕಾಬಲ ಕಾಯಲಾಗದು.

ಗಾತ್ರದ ಮಾತಿಗೂ ಪುರಾವೆ ಇದೆ. ಅದೇ ಉತ್ತರ ಸಮುದ್ರದಲ್ಲಿ, ಅದೇ ಯುದ್ಧದಲ್ಲಿ, ನೀರಿನಿಂದ ಏಳುವ ದೊಡ್ಡ ವಿಮಾನಗಳು ಗೆದ್ದವು. 1917ರ ಮೇ 14ರಂದು ಎಲ್-22 ಜೆಪ್ಲಿನನ್ನೂ ಜೂನ್ 14ರಂದು ಎಲ್-43 ಜೆಪ್ಲಿನನ್ನೂ ಕೆಡವಿದ್ದು ಅಮೆರಿಕದಲ್ಲಿ ತಯಾರಾದ ಕರ್ಟಿಸ್ ಎಚ್-12 ಹಾರುದೋಣಿಗಳು. ಅವುಗಳ ಮುಂದಿನ ಪೀಳಿಗೆಯ ಫೆಲಿಕ್ಸ್‌ಸ್ಟೋ ಎಫ್.2ಎಗೆ ಎರಡು ರೋಲ್ಸ್ ರಾಯ್ಸ್ ಎಂಜಿನ್, ಸುಮಾರು 29 ಮೀಟರ್ ಅಗಲದ ರೆಕ್ಕೆ, ಐದು ಟನ್ನಿನ ಹತ್ತಿರ ತೂಕ. ಒಡಲೇ ದೋಣಿಯಾದ ಆ ಗಾತ್ರಕ್ಕೆ ಅಲೆ ತಡೆಯುವ ಶಕ್ತಿ ಇತ್ತು. ಆದರೆ ಅದನ್ನು ಹಡಗಿನ ಮೇಲೆ ಹೊತ್ತು ಕ್ರೇನಿನಿಂದ ಇಳಿಸಲಾಗದು. ಗಿರಕಿ ಹೊಡೆದು ಕಾದಾಡುವ ಫೈಟರ್ ಅಂತೂ ಅಲ್ಲವೇ ಅಲ್ಲ. ಗಸ್ತು ತಿರುಗುವುದು, ಜಲಾಂತರ್ಗಾಮಿ ಹುಡುಕುವುದು, ಬಿದ್ದವರನ್ನು ಎತ್ತಿಕೊಳ್ಳುವುದು ಆ ಜಾತಿಯ ಕೆಲಸಗಳಾದವು. ಎರಡನೆಯ ಮಹಾಯುದ್ಧದಲ್ಲಿ ನಮ್ಮ ಬೆಳ್ಳಂದೂರು ಕೆರೆಯಲ್ಲಿ ಇಳಿದು, ಪಕ್ಕದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿಯಾಗುತ್ತಿದ್ದ ಕ್ಯಾಟಲೀನಾ ಹಾರುದೋಣಿಗಳು ಅದೇ ವಂಶದವು.

ಎರಡನೆಯ ಆಕ್ಷೇಪ ಜರ್ಮನರದು. ಅವರ ಸೀಪ್ಲೇನ್ ಫೈಟರ್‌ಗಳು ಗೆದ್ದವಲ್ಲ? ಹೌದು, ಗೆದ್ದವು. ಅರ್ನ್ಸ್ಟ್ ಹೈಂಕೆಲ್ ರೂಪಿಸಿದ ಹಾನ್ಸಾ-ಬ್ರಾಂಡೆನ್‌ಬರ್ಗ್ ಡಬ್ಲ್ಯು.12 ಜೋಡಿರೆಕ್ಕೆಯ ಸೀಪ್ಲೇನ್‌ಗಳಲ್ಲೇ ನನಗೆ ಅತ್ಯಂತ ಬುದ್ಧಿವಂತಿಕೆಯದಾಗಿ ಕಾಣುವ ವಿಮಾನ. ಅದರ ಒಡಲು ಬಾಲದ ಕಡೆಗೆ ಮೇಲಕ್ಕೇರುತ್ತ ಹೋಗುತ್ತದೆ, ಚುಕ್ಕಾಣಿ ಒಡಲಿನ ಕೆಳಗಿದೆ. ಹಾಗಾಗಿ ಹಿಂದೆ ಕೂತ ಬಂದೂಕಿನವನಿಗೆ ಗುರಿ ಹಿಡಿಯಲು ಬಾಲ ಅಡ್ಡ ಬರುವುದೇ ಇಲ್ಲ. ಝೀಬ್ರುಗ್ಗೆಯಿಂದ ಹಾರುತ್ತಿದ್ದ ಫ್ರೀಡ್ರಿಶ್ ಕ್ರಿಶ್ಚಿಯಾನ್ಸನ್ 1917ರ ಡಿಸೆಂಬರ್‌ನಲ್ಲಿ ಇಂಥ ವಿಮಾನದಿಂದಲೇ ಬ್ರಿಟಿಷ್ ವಾಯುನೌಕೆ ಸಿ-27ನ್ನು ಕೆಡವಿದರು. ಆದರೆ ಝೀಬ್ರುಗ್ಗೆಯಲ್ಲಿ ಅಲೆಯನ್ನು ತಡೆದು ನಿಲ್ಲಿಸುವ ಉದ್ದನೆಯ ಕಲ್ಲುಗೋಡೆಯ ಬಂದರಿತ್ತು. ಅಲ್ಲಿಂದೆದ್ದು, ಹತ್ತಿರದ ನೀರಿನ ಮೇಲೆ ಕಾದಾಡಿ, ಅಲ್ಲೇ ಬಂದಿಳಿಯುವ ವಿಮಾನಕ್ಕೆ ತೆರೆದ ಕಡಲಿನ ಪರೀಕ್ಷೆ ಎದುರಾಗುವುದೇ ಅಪರೂಪ. ಇಟಲಿಯ ಮಕ್ಕಿ ಎಂ.5 ಹಾರುದೋಣಿ ಫೈಟರ್ ಮೆರೆದದ್ದೂ ಏಡ್ರಿಯಾಟಿಕ್ ಸಮುದ್ರದಲ್ಲಿ, ಕರಾವಳಿಯ ನೆಲೆಗಳಿಂದ. ಈ ಗೆಲುವುಗಳು ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಗಡಿಯನ್ನು ಗುರುತಿಸಿಕೊಡುತ್ತವೆ: ಬಂದರು ಇರುವ ಕಡೆ ಸೀಪ್ಲೇನ್ ಫೈಟರ್ ಬಾಳೀತು, ನೌಕಾಬಲದ ಜೊತೆ ಬಾಳದು. ಬಂದರಿನ ಪಕ್ಕದಲ್ಲಿ ಬಯಲೂ ಇದ್ದರಂತೂ ಅಲ್ಲೂ ಅದಕ್ಕೆ ಜಾಗವಿಲ್ಲ. ಡಂಕರ್ಕ್‌ನಲ್ಲಿದ್ದ ಬ್ರಿಟಿಷ್ ನೌಕಾ ಪೈಲಟ್‌ಗಳು 1917ರ ನಡುವೆಯೇ ಬೇಬಿಗಳನ್ನು ಬಿಟ್ಟು ಪಪ್‌ಗಳನ್ನು ಹತ್ತಿದ್ದರು.

ಹಾಗಾದರೆ ಚಕ್ರದ ವಿಮಾನವನ್ನೇ ಮೊದಲಿನಿಂದ ಯಾಕೆ ಆರಿಸಲಿಲ್ಲ ಎಂದು ಕೇಳುವುದು ಇಂದು ಸುಲಭ. ಹಡಗಿನಿಂದ ಅದು ಏಳಬಲ್ಲದು ಎಂಬುದು ಗೊತ್ತಿತ್ತು. ಅಮೆರಿಕದ ಯೂಜೀನ್ ಈಲಿ 1910ರ ನವೆಂಬರ್‌ನಲ್ಲೇ ಏರಿ ತೋರಿಸಿದ್ದರು, 1915ರ ನವೆಂಬರ್‌ನಲ್ಲಿ ವಿಂಡೆಕ್ಸ್‌ನಿಂದ ಬ್ರಿಸ್ಟಲ್ ಸ್ಕೌಟ್ ಕೂಡ ಏರಿತ್ತು. ತೊಡಕಿದ್ದದ್ದು ಇಳಿಯುವುದರಲ್ಲಿ. ಚಕ್ರದ ವಿಮಾನ ಕೆಲಸ ಮುಗಿಸಿ ಸಮುದ್ರಕ್ಕೆ ಬೀಳಬೇಕು, ವಿಮಾನ ಹೋಗುತ್ತದೆ, ಪೈಲಟ್‌ನ ಜೀವವೂ ಹೋಗಬಹುದು. ಈ ಬೆಲೆ ತೆರಲು ಹಿಂಜರಿದವರನ್ನು ಅಂಜುಬುರುಕರೆನ್ನಲಾಗದು. ಬೆಲೆಯನ್ನು ಇಳಿಸಿದವರಲ್ಲಿ ಮುಖ್ಯರಾದವರು ಅದೇ ಗ್ರೇನ್‌ನವರು, ಪಿ.ವಿ.2 ಕಟ್ಟಿದವರು. ನೀರಿಗಿಳಿದ ಚಕ್ರದ ವಿಮಾನ ಮುಳುಗದಂತೆ ಹಿಡಿದಿಡುವ ಗಾಳಿಚೀಲಗಳನ್ನೂ ಅಟ್ಟದ ಮೇಲೆ ಇಳಿದ ವಿಮಾನವನ್ನು ತಡೆದು ನಿಲ್ಲಿಸುವ ಹಗ್ಗಗಳ ಏರ್ಪಾಡನ್ನೂ ಅವರು ಅಲ್ಲೇ ಪರೀಕ್ಷಿಸಿದರು. ನೀರಿನಿಂದ ಏಳುವುದು ಎಷ್ಟು ಕಷ್ಟ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದರು? 1917ರ ಆಗಸ್ಟ್ 21ರಂದು ಯಾರ್ಮತ್ ಎಂಬ ಕ್ರೂಸರ್‌ನ ಮೇಲಿನ ಕಿರಿದಾದ ಅಟ್ಟಣೆಯಿಂದ ಬರ್ನಾರ್ಡ್ ಸ್ಮಾರ್ಟ್ ಪಪ್ ಹಾರಿಸಿ ಎಲ್-23 ಜೆಪ್ಲಿನನ್ನು ಸುಟ್ಟು ಕೆಡವಿ, ಸಮುದ್ರಕ್ಕಿಳಿದು, ಜೀವಸಹಿತ ಹಡಗು ಸೇರಿದರು. ಅದೇ ತಿಂಗಳು ಫ್ಯೂರಿಯಸ್ ಹಡಗಿನ ಮೇಲೆ ಇಳಿದು ತೋರಿಸಿದ ಎಡ್ವಿನ್ ಡನಿಂಗ್, ಕೆಲವೇ ದಿನಗಳ ಬಳಿಕ ಮತ್ತೆ ಇಳಿಯುವ ಯತ್ನದಲ್ಲಿ ಸತ್ತರು.

ಟೊಂಡರ್ನ್‌ಗೆ ಬ್ರಿಟಿಷರು ಮರಳಿದ್ದು 1918ರ ಜುಲೈ 19ರಂದು. ಈ ಸಲ ಫ್ಯೂರಿಯಸ್‌ನ ಅಟ್ಟದಿಂದ ಏಳು ಕ್ಯಾಮೆಲ್ ಫೈಟರ್‌ಗಳು ಎದ್ದವು, ಎಲ್ಲವೂ ಚಕ್ರದವು. ಎಲ್-54, ಎಲ್-60 ಎಂಬ ಎರಡು ಜೆಪ್ಲಿನ್‌ಗಳು ತಮ್ಮ ಕೊಟ್ಟಿಗೆಯಲ್ಲೇ ಉರಿದುಹೋದವು. ಬೆಲೆ ಸಣ್ಣದಾಗಿರಲಿಲ್ಲ: ಮೂವರು ಪೈಲಟ್‌ಗಳು ಡೆನ್ಮಾರ್ಕಿನಲ್ಲಿ ಇಳಿಯಬೇಕಾಯಿತು, ಒಬ್ಬರು ಸಮುದ್ರದಲ್ಲಿ ಪ್ರಾಣ ಕಳೆದುಕೊಂಡರು. ಎರಡು ದಾಳಿಗಳ ನಡುವೆ ಎಂಜಿನ್ ಬೆಳೆದಿತ್ತು, ಅನುಭವ ಬೆಳೆದಿತ್ತು, ಅದನ್ನು ಒಪ್ಪಲೇಬೇಕು. ಆದರೂ 1916ರ ಎಂಟು ವಿಮಾನಗಳು ಉಳಿದದ್ದು ನೀರಿನಲ್ಲಿ. 1918ರಲ್ಲಿ ನೀರಿನ ಪರೀಕ್ಷೆಯೇ ಇರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಉದ್ದಕ್ಕೂ ಸಪಾಟಾದ ಅಟ್ಟದ ಆರ್ಗಸ್ ಸೇವೆಗೆ ಬಂತು. ಇಂದು ಕಾರವಾರದ ನೆಲೆಯಲ್ಲಿ ತಂಗುವ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆಗಳ ಮೂಲ ರೂಪ ಅದು.

ಜಪಾನ್ ಎರಡನೆಯ ಮಹಾಯುದ್ಧದಲ್ಲಿ ಸೀಪ್ಲೇನ್ ಫೈಟರ್‌ನ ಹಳೆಯ ದಾರಿಯನ್ನು ಮತ್ತೊಮ್ಮೆ ಹಿಡಿಯಿತು. ಓಡುದಾರಿ ಕಟ್ಟಲು ಪುರುಸೊತ್ತಿಲ್ಲದ ದ್ವೀಪಗಳಿಗೆಂದು ತನ್ನ ಹೆಸರಾಂತ ಝೀರೊ ವಿಮಾನಕ್ಕೆ ಫ್ಲೋಟ್ ಕಟ್ಟಿತು. ಅಂಥವು 327 ತಯಾರಾದವು. ಹವಳದ ದಿಬ್ಬಗಳು ಕಾಯುವ ಶಾಂತ ನೀರು ಅಲ್ಲಿತ್ತು, ಹಾಗಾಗಿ ಆಲೋಚನೆ ಅಸಂಗತವಾಗಿರಲಿಲ್ಲ. 1942ರ ಆಗಸ್ಟ್ 7ರಂದು ಸಾಲೊಮನ್ ದ್ವೀಪಗಳ ತುಳಗಿ ನೆಲೆಯಲ್ಲಿ ಲಂಗರು ಹಾಕಿ ನಿಂತಿದ್ದ ಅವುಗಳನ್ನು ಅಮೆರಿಕದ ವಾಸ್ಪ್ ನೌಕೆಯ ಅಟ್ಟದಿಂದ ಎದ್ದು ಬಂದ ವಿಮಾನಗಳು ನೀರಿನಲ್ಲೇ ನಾಶಮಾಡಿದವು. ಸೀಪ್ಲೇನ್ ಫೈಟರ್ ಆಗಿಯೇ ಹುಟ್ಟಿದ ಇನ್ನೊಂದು ಜಪಾನಿ ವಿಮಾನ ಕ್ಯೋಫು. ಅತ್ಯುತ್ತಮ ಹಾರಾಟದ ಆ ವಿಮಾನ ತಯಾರಾದದ್ದು 97 ಮಾತ್ರ. ಅದನ್ನು ಕಟ್ಟಿದ ಕವನಿಶಿ ಕಂಪನಿಯವರೇ ಫ್ಲೋಟ್ ಕಳಚಿ, ಚಕ್ರ ಜೋಡಿಸಿ, ಅದನ್ನು ಶಿಡೆನ್ ಎಂಬ ನೆಲದ ಫೈಟರ್ ಮಾಡಿದರು. ಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿನ ಆಕಾಶವನ್ನು ಕಾದ ಒಳ್ಳೆಯ ವಿಮಾನಗಳ ಸಾಲಿನಲ್ಲಿ ಶಿಡೆನ್‌ಗೆ ಜಾಗವಿದೆ.